ಮೈಬಣ್ಣವೂ ಮನುಷ್ಯನ ಬೆಲೆಯೂ



ಮನುಷ್ಯನು ಹುಟ್ಟಿನಿಂದ ಬಂದ ತನ್ನ ಬಣ್ಣವನ್ನು ಅಳಿಸಿಕೊಳ್ಳುವದಕ್ಕಾಗಿ ಹಣವನ್ನೂ ಆರೋಗ್ಯವನ್ನೂ ಯಾಕೆ ಒಪ್ಪಿಸಿಬಿಡುತ್ತಾನೆ? ಹಾಗೆ ಮಾಡಿ ಕೆಟ್ಟುಹೋದಲ್ಲಿ ತಪ್ಪು ಯಾರದು? ಹಚ್ಚಿಕೊಂಡವರದೋ, ಮಾರಿದವರದೋ, ಇಲ್ಲವೆ ಪಕ್ಕದಲ್ಲಿ ನಿಂತು ಮಾತನಾಡಿದ ನಮ್ಮದೋ? ಈ ಪ್ರಶ್ನೆಯನ್ನು ನಾವು ಪುಸ್ತಕದೊಳಗಿಂದ ಹುಡುಕಿ ತಂದದ್ದಲ್ಲ. ಅದು ನಮ್ಮ ಬಾಗಲಿಗೇ ಬಂದು ನಿಂತ ಪ್ರಶ್ನೆಯಾಗಿದೆ. ಆದಕಾರಣ ಮೊದಲು ನಮ್ಮ ತಪ್ಪನ್ನು ಹೇಳಿಕೊಂಡು ಆಮೇಲೆ ವಿಷಯಕ್ಕೆ ಬರುವೆವು.

ಕೆಲವು ವರುಷಗಳ ಹಿಂದೆ ನಮ್ಮ ಬಂಧುಗಳ ಮಗನೊಬ್ಬನಿಗೆ ಹೆಣ್ಣು ನೋಡುವದಕ್ಕಾಗಿ ನಾವು ನಾಲ್ಕೈದು ಮಂದಿ ಮಾನ್ವಿಯಿಂದ ಹೊರಟು ದೇವದುರ್ಗ ತಾಲೂಕಿನ ಒಂದು ಹಳ್ಳಿಗೆ ಹೋದೆವು. ಹುಡುಗಿಯು ಹತ್ತನೆಯ ತರಗತಿಯನ್ನು ದಾಟಿದವಳು. ತಾಯಿ ಕಾಯಿಲೆ ಬಿದ್ದಾಗ ಎರಡು ವರುಷ ಮನೆಯನ್ನೂ ಹೊಲವನ್ನೂ ತಾನೇ ನಡಿಸಿದವಳು. ಆ ಮನೆಯವರು ನಮಗೆ ಜೋಳದ ರೊಟ್ಟಿಯನ್ನೂ ಪುಂಡಿಪಲ್ಯವನ್ನೂ ಬಡಿಸಿ ಬಹಳವಾಗಿ ಆದರಿಸಿದರು. ನಾವು, “ಎಲ್ಲಾ ಚೆನ್ನಾಗಿದೆ, ಊರಿಗೆ ಹೋಗಿ ತಿಳಿಸುತ್ತೇವೆ” ಎಂದು ಹೇಳಿ ಎದ್ದೆವು. ಬಸ್ಸಿಗಾಗಿ ಬೇವಿನ ಗಿಡದ ನೆರಳಿನಲ್ಲಿ ನಿಂತಿರುವಾಗ ನಮ್ಮಲ್ಲಿ ಒಬ್ಬರು, “ಎಲ್ಲಾ ಸರಿ, ಬಣ್ಣ ಮಾತ್ರ ಸ್ವಲ್ಪ ಕಡಿಮೆ” ಅಂದರು. ಮತ್ತೊಬ್ಬರು ತಲೆಯಲ್ಲಾಡಿಸಿದರು. ನಾವು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ, ಸುಮ್ಮಗಿದ್ದೆವು. ನಮ್ಮನ್ನು ಕಳುಹಿಸಿಕೊಡುವದಕ್ಕೆ ಬಂದಿದ್ದ ಆ ಮನೆಯ ಚಿಕ್ಕ ಹುಡುಗನು ಅದನ್ನು ಕೇಳಿಸಿಕೊಂಡು ಮನೆಗೆ ಹೋದನು. ಸಂಬಂಧವು ಕೂಡಿಬರಲಿಲ್ಲ.

ಎರಡು ವರುಷಗಳಾದ ಮೇಲೆ ರಾಯಚೂರಿನ ಒಂದು ಆಸ್ಪತ್ರೆಯ ಪಡಸಾಲೆಯಲ್ಲಿ ಆ ತಂದೆಯನ್ನು ಕಂಡೆವು. ಪಕ್ಕದಲ್ಲಿ ಮಗಳು ಮುಖವನ್ನು ಬಟ್ಟೆಯಿಂದ ಮುಚ್ಚಿಕೊಂಡು ಕುಳಿತಿದ್ದಳು. ಔಷಧದಂಗಡಿಯಲ್ಲಿ ವೈದ್ಯರ ಚೀಟಿಯಿಲ್ಲದೆ ದೊರೆತ ಒಂದು ಮುಲಾಮನ್ನು ಅವಳು ಒಂದು ವರುಷಕ್ಕೂ ಹೆಚ್ಚಾಗಿ ಹಚ್ಚಿಕೊಂಡಿದ್ದಳು. ಮೊದಲ ತಿಂಗಳಲ್ಲಿ ಮುಖವು ಬೆಳ್ಳಗಾಯಿತು, ನೋಡಿದವರೆಲ್ಲರೂ ಹೊಗಳಿದರು. ಆಮೇಲೆ ಕೆನ್ನೆಗಳು ಕೆಂಪೇರಿದವು, ಮೊಡವೆಗಳೆದ್ದವು, ಗಲ್ಲದ ಮೇಲೆ ಕೂದಲು ಬೆಳೆಯಿತು. ಹಚ್ಚುವದನ್ನು ಬಿಟ್ಟರೆ ಉರಿ, ಹಚ್ಚಿದರೆ ಒಂದು ದಿವಸದ ಶಾಂತಿ. ಬಿಸಿಲಿಗೆ ಹೋದರೆ ಕೆಂಡ ತಗಲಿದಂತಾಗುತ್ತಿದ್ದುದರಿಂದ ಹತ್ತಿ ಬಿಡಿಸುವ ಕಾಲದಲ್ಲಿಯೂ ಅವಳು ಮನೆಯೊಳಗೇ ಇದ್ದುಬಿಟ್ಟಳು. ಆ ತಂದೆಯು ನಮ್ಮನ್ನು ಬೈಯಲಿಲ್ಲ. “ಮುಲಾಮನ್ನು ಬಿಡಿಸುತ್ತೇವೆಂದು ಡಾಕ್ಟರರು ಹೇಳಿದ್ದಾರೆ. ಆ ಮಾತನ್ನು ಬಿಡಿಸುವವರು ಯಾರು?” ಎಂದಷ್ಟೇ ಕೇಳಿದನು. ನಮ್ಮಲ್ಲಿ ಉತ್ತರವಿರಲಿಲ್ಲ. ಈ ಬರಹವು ಆ ಉತ್ತರವನ್ನು ಹುಡುಕುವ ಪ್ರಯತ್ನವೇ ಆಗಿದೆ.

ಇದು ಒಬ್ಬಳ ಗೋಳಾಗಿದ್ದರೆ ಎಲ್ಲರ ಮುಂದೆ ಬರೆಯುತ್ತಿರಲಿಲ್ಲ. ಆದರೆ ಈ ಅಭ್ಯಾಸವು ಎಷ್ಟು ಹಬ್ಬಿದೆಯೆಂಬದನ್ನು ಕೇಳಿರಿ. ಲೋಕದ ಅನೇಕ ದೇಶಗಳಲ್ಲಿ ನಡೆದ ೬೮ ಪರಿಶೋಧನೆಗಳನ್ನು ಕೂಡಿಸಿ ೨೦೧೯ನೇ ಇಸವಿಯಲ್ಲಿ ಪ್ರಕಟಿಸಿದ ಒಂದು ಲೆಕ್ಕದ ಪ್ರಕಾರ, ವಿಚಾರಿಸಲ್ಪಟ್ಟ ೬೭,೬೬೫ ಜನರಲ್ಲಿ ನೂರಕ್ಕೆ ಸುಮಾರು ೨೮ ಮಂದಿ ತಮ್ಮ ಜೀವಮಾನದಲ್ಲಿ ಎಂದಾದರೂ ಚರ್ಮವನ್ನು ಬಿಳುಪು ಮಾಡುವ ವಸ್ತುವನ್ನು ಉಪಯೋಗಿಸಿದವರಾಗಿದ್ದರು. ನಮ್ಮ ದೇಶದ ಮುಂಬಯಿ ಪಟ್ಟಣದಲ್ಲಿ ೧,೯೯೨ ಸ್ತ್ರೀಪುರುಷರನ್ನು ವಿಚಾರಿಸಿ ೨೦೧೮ರಲ್ಲಿ ಪ್ರಕಟಿಸಿದ ಇನ್ನೊಂದು ಪರಿಶೋಧನೆಯಲ್ಲಿ, ನೂರಕ್ಕೆ ೩೭ಕ್ಕಿಂತ ಹೆಚ್ಚು ಮಂದಿ ಆ ಸಮಯದಲ್ಲಿಯೇ ಇಂಥಾ ಸಾಮಗ್ರಿಯನ್ನು ಹಚ್ಚುತ್ತಿದ್ದರೆಂದು ಕಂಡುಬಂತು. ಅವರಲ್ಲಿ ಹೆಂಗಸರು ಹೆಚ್ಚು. ಆದರೆ ಗಂಡಸರು ಹೊರಗಿರಲಿಲ್ಲ. ಗಂಡಸರಿಗೆಂದೇ ಬೇರೆ ಬಿಳುಪು ಮುಲಾಮು ನಮ್ಮ ದೇಶದ ಮಾರುಕಟ್ಟೆಗೆ ೨೦೦೫ರಲ್ಲಿಯೇ ಬಂತು. ಆದದರಿಂದ ಇದನ್ನು ಹೆಂಗಸರ ಮರುಳೆಂದು ಹೇಳಿ ನಗುವ ಗಂಡಸರು ಮೊದಲು ತಮ್ಮ ಮನೆಯ ಕನ್ನಡಿಯ ಹತ್ತಿರದ ಗೂಡನ್ನು ನೋಡಿಕೊಳ್ಳಲಿ.

ಈ ಸಾಮಗ್ರಿಗಳೆಲ್ಲವೂ ಒಂದೇ ತರದವಲ್ಲ. ನ್ಯಾಯವಾಗಿ ಮಾತನಾಡಬೇಕಾದರೆ ಅವುಗಳನ್ನು ಬೇರೆಬೇರೆಯಾಗಿ ನೋಡಬೇಕು. ಕೆಲವು ಮುಲಾಮುಗಳು ಬಿಸಿಲನ್ನು ತಡೆಯುವ ವಸ್ತುಗಳನ್ನೂ ಚರ್ಮವನ್ನು ಮೆತ್ತಗಿಡುವ ವಸ್ತುಗಳನ್ನೂ ಹೊಂದಿದವುಗಳು. ಅವು ಹೇಳಿಕೊಳ್ಳುವಷ್ಟು ಬಿಳುಪನ್ನು ಕೊಡುವದಿಲ್ಲ, ದೊಡ್ಡ ಕೇಡನ್ನು ಮಾಡುವದೂ ಅಪರೂಪ. ಎರಡನೆಯ ತರದವು ಸ್ಟೀರಾಯ್ಡ್ ಎಂಬ ಬಲವಾದ ಔಷಧವುಳ್ಳವುಗಳು. ಬೀಟಾಮೆಥಾಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್ ಮುಂತಾದ ಹೆಸರುಗಳನ್ನು ಕೊಳವೆಯ ಮೇಲೆ ಸಣ್ಣ ಅಕ್ಷರಗಳಲ್ಲಿ ಕಾಣಬಹುದು. ಇಸಬು ಮುಂತಾದ ಚರ್ಮರೋಗಗಳಿಗೆ ವೈದ್ಯರು ಇವುಗಳನ್ನು ಕೆಲವು ದಿವಸಗಳ ಮಟ್ಟಿಗೆ ಬರೆದುಕೊಡುತ್ತಾರೆ. ಹಾಗೆ ಉಪಯೋಗಿಸಿದರೆ ಅವು ಒಳ್ಳೇ ಔಷಧಗಳೇ. ಆದರೆ ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮವು ತೆಳ್ಳಗಾಗಿ, ಒಳಗಣ ರಕ್ತನಾಳಗಳು ಹೊರಗೆ ಕಾಣುವವು. ಮೊಡವೆಯೂ ಕೂದಲೂ ಹುಟ್ಟುವವು. ಬಿಸಿಲು ತಾಳುವ ಶಕ್ತಿಯು ಹೋಗುವದು. ಬಿಟ್ಟ ಕೂಡಲೆ ಉರಿಯೂ ಕೆಂಪೂ ಇಮ್ಮಡಿಯಾಗುವದರಿಂದ ಕುಡುಕನು ಹೆಂಡಕ್ಕೆ ಹೇಗೋ ಹಾಗೆ ಚರ್ಮವು ಮುಲಾಮಿಗೆ ಅಧೀನವಾಗುವದು. ಹುಳುಕಡ್ಡಿಯ ಮೇಲೆ ಹಚ್ಚಿದರೆ ತುರಿಕೆ ಮೇಲಿಂದ ಮೇಲೆ ಅಡಗಿ, ರೋಗವು ಮಾತ್ರ ಸುತ್ತಲೂ ಹಬ್ಬುವದು.

ಭಾರತದ ೧೨ ಚರ್ಮರೋಗ ಚಿಕಿತ್ಸಾಸ್ಥಾನಗಳಲ್ಲಿ ನಡೆದು ೨೦೧೧ರಲ್ಲಿ ಪ್ರಕಟವಾದ ವಿಚಾರಣೆಯಲ್ಲಿ, ಮುಖದ ಚರ್ಮರೋಗವುಳ್ಳ ೨,೯೨೬ ರೋಗಿಗಳೊಳಗೆ ೪೩೩ ಮಂದಿ ಇಂಥಾ ಸ್ಟೀರಾಯ್ಡ್ ಮುಲಾಮುಗಳನ್ನು ಹಚ್ಚುತ್ತಿದ್ದರು. ಆ ೪೩೩ರಲ್ಲಿ ೩೯೨ ಮಂದಿಗೆ ಕೇಡು ತಗಲಿತ್ತು. ಅರ್ಧಕ್ಕಿಂತ ಹೆಚ್ಚಿನವರಿಗೆ ಅದನ್ನು ಹಚ್ಚೆಂದು ಹೇಳಿದವರು ವೈದ್ಯರಲ್ಲ. ಅಂಗಡಿಯವರು, ನೆರೆಯವರು, ಗೆಳತಿಯರು ಮುಂತಾದವರು. ನಮ್ಮ ದೇವದುರ್ಗದ ಹುಡುಗಿಗೂ ಆದದ್ದು ಇದೇ. ಈ ಕೇಡನ್ನು ಕಂಡೇ ಕೇಂದ್ರ ಸರಕಾರವು ೨೦೧೮ರ ಮಾರ್ಚ್ ತಿಂಗಳಲ್ಲಿ, ಹಚ್ಚಿಕೊಳ್ಳುವ ೧೪ ಬಗೆಯ ಸ್ಟೀರಾಯ್ಡುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಆಜ್ಞೆ ಮಾಡಿತು. ಆಜ್ಞೆಯು ಪುಸ್ತಕದಲ್ಲಿದೆ, ಕೊಳವೆಯು ಹುಡುಗಿಯ ಕೈಗೆ ಹೇಗೂ ಬಂತು.

ಹೈಡ್ರೋಕ್ವಿನೋನ್ ಎಂಬ ಇನ್ನೊಂದು ವಸ್ತುವುಂಟು. ಬಂಗು ಎಂಬ ಕಲೆಗೆ ವೈದ್ಯರು ಅದನ್ನು ಸ್ವಲ್ಪ ಕಾಲ ಕೊಡುವರು. ಯಾರ ಮೇಲ್ವಿಚಾರಣೆಯೂ ಇಲ್ಲದೆ ವರುಷಗಟ್ಟಲೆ ಹಚ್ಚಿದರೆ ಕೆಲವರಲ್ಲಿ ಅದೇ ನೀಲಿಗಪ್ಪು ಕಲೆಗಳನ್ನು ಹುಟ್ಟಿಸುವದು. ಕಪ್ಪನ್ನು ಕಳೆಯುವದಕ್ಕೆ ಹೋದವರಿಗೆ ಹೋಗದ ಕಪ್ಪು ಉಳಿಯುವದು.

ಮೂರನೆಯದು ಎಲ್ಲಕ್ಕಿಂತ ಭಯಂಕರವಾದ ಪಾದರಸ. ಚರ್ಮದಲ್ಲಿ ಬಣ್ಣ ಹುಟ್ಟುವದನ್ನು ತಡೆಯುವ ಗುಣ ಅದಕ್ಕಿರುವದರಿಂದ ಅದನ್ನು ಮುಲಾಮಿನಲ್ಲಿ ಬೆರೆಸುತ್ತಾರೆ. ಅದು ಚರ್ಮದ ಮೂಲಕ ಒಳಗೆ ಇಳಿದು ಮೂತ್ರಪಿಂಡಗಳನ್ನೂ ನರಗಳನ್ನೂ ಕೆಡಿಸುವದು. ಗರ್ಭಿಣಿಯಾದವಳು ಹಚ್ಚಿಕೊಂಡರೆ ಹೊಟ್ಟೆಯಲ್ಲಿರುವ ಕೂಸಿಗೂ ತಗಲುವದು. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್ ಎಂಬಲ್ಲಿಯ ವೈದ್ಯರು ೨೦೨೧ರಿಂದ ೨೦೨೩ರ ವರೆಗೆ ಒಂದು ಬಗೆಯ ಮೂತ್ರಪಿಂಡದ ರೋಗವುಳ್ಳ ೨೨ ಮಂದಿಯನ್ನು ಕಂಡರು. ಅವರಲ್ಲಿ ೧೫ ಮಂದಿಯ ರೋಗವು ಸಾಮಾನ್ಯವಾಗಿ ಕಾಣದ ವಿಶೇಷ ಜಾತಿಯದಾಗಿತ್ತು. ವಿಚಾರಿಸಿದಾಗ ಆ ೧೫ರಲ್ಲಿ ೧೩ ಮಂದಿ ಬಿಳುಪು ಮುಲಾಮು ಹಚ್ಚುತ್ತಿದ್ದೆವೆಂದು ಒಪ್ಪಿಕೊಂಡರು. ಕಾಲು ಬಾತು, ಮೂತ್ರದಲ್ಲಿ ನೊರೆ ಬಂದು ಆಸ್ಪತ್ರೆಗೆ ಹೋದ ಮನುಷ್ಯನು ತನ್ನ ರೋಗದ ಬೇರು ಮುಖದ ಮೇಲಿದೆಯೆಂದು ಹೇಗೆ ತಾನೆ ನೆನಸಿಯಾನು? ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ೨೦೧೪ರಲ್ಲಿ ೩೨ ಬಿಳುಪು ಮುಲಾಮುಗಳನ್ನು ಪರೀಕ್ಷಿಸಿದಾಗ ೧೪ರಲ್ಲಿ ಪಾದರಸದ ಅಂಶ ಕಂಡುಬಂತು. ಮಿನಮಾತ ಒಪ್ಪಂದವೆಂದು ಹೆಸರಾದ, ಪಾದರಸವನ್ನು ಕುರಿತ ೨೦೧೩ರ ಲೋಕದ ಒಡಂಬಡಿಕೆಗೆ ನಮ್ಮ ದೇಶವೂ ೨೦೧೮ರಲ್ಲಿ ಸೇರಿದೆ. ಆದರೂ ಹೆಸರು ವಿಳಾಸವಿಲ್ಲದ ಡಬ್ಬಿಗಳು ಸಂತೆಗೂ ಮೊಬೈಲಿನ ಮೂಲಕ ಮನೆಗೂ ಬರುತ್ತಲೇ ಇವೆ.

ಹೀಗಿರಲಾಗಿ, ಜನರು ಯಾಕೆ ಹಚ್ಚಿಕೊಳ್ಳುತ್ತಾರೆ? ಬುದ್ಧಿಯಿಲ್ಲದ್ದರಿಂದ ಎಂದು ಹೇಳಿಬಿಡುವದು ಸುಲಭ, ಆದರೆ ಸತ್ಯವಲ್ಲ. ಕಾರಣಗಳು ಹಲವು ಉಂಟು, ಮತ್ತು ಒಂದೊಂದೂ ಇನ್ನೊಂದರ ಕೈ ಹಿಡಿದು ಬರುವದು.

ಮೊದಲನೆಯದು ವ್ಯಾಪಾರ. ೧೯೧೯ರಲ್ಲಿಯೇ ಮುಂಬಯಿಯಲ್ಲಿ ಹಿಮದ ಹೆಸರನ್ನು ಇಟ್ಟುಕೊಂಡ ಅಫ್ಘಾನ್ ಸ್ನೋ ಎಂಬ ಮುಖದ ಮುಲಾಮು ಹುಟ್ಟಿತು. ೧೯೭೫ರಲ್ಲಿ ಹಿಂದುಸ್ತಾನ್ ಲೀವರ್ ಕಂಪೆನಿಯು ಫೇರ್ ಅಂಡ್ ಲವ್ಲಿ ಎಂಬದನ್ನು ತಂದಿತು. ಬಿಳುಪೇ ಚೆಲುವು ಎಂಬ ಉಪದೇಶವು ಆ ಹೆಸರಿನಲ್ಲಿಯೇ ಅಡಗಿತ್ತು. ಕಪ್ಪಾದ ಹುಡುಗಿಗೆ ಕೆಲಸವಿಲ್ಲ, ವರನಿಲ್ಲ. ಕೆಲವು ವಾರಗಳ ಮೇಲೆ ಬೆಳ್ಳಗಾದಳು, ಎರಡೂ ದೊರೆತವು ಎಂಬ ಕಥೆಯನ್ನು ಜಾಹೀರಾತುಗಳು ನಮ್ಮ ಮಕ್ಕಳಿಗೆ ವರುಷಗಟ್ಟಲೆ ಹೇಳಿಕೊಟ್ಟವು. ಮೇಲೆ ಹೇಳಿದ ಮುಂಬಯಿಯ ವಿಚಾರಣೆಯಲ್ಲಿ ಹಚ್ಚಿಕೊಳ್ಳುತ್ತಿದ್ದವರೊಳಗೆ ನೂರಕ್ಕೆ ಸುಮಾರು ೪೫ ಮಂದಿ ಜಾಹೀರಾತು ಮುಂತಾದವುಗಳ ಒತ್ತಾಯದಿಂದಲೇ ಪ್ರಾರಂಭಿಸಿದೆವೆಂದು ಹೇಳಿದರು. ಕಪ್ಪು ಬಣ್ಣದವರನ್ನು ಕೀಳಾಗಿ ತೋರಿಸಕೂಡದೆಂದು ಜಾಹೀರಾತುಗಾರರ ಮಂಡಲಿಯು ೨೦೧೪ರಲ್ಲಿ ನಿಯಮ ಮಾಡಿತು. ಅಮೆರಿಕದಲ್ಲಿ ಕರಿಯ ಮನುಷ್ಯನೊಬ್ಬನು ಪೋಲೀಸಿನವನಿಂದ ಕೊಲ್ಲಲ್ಪಟ್ಟ ೨೦೨೦ನೇ ಇಸವಿಯಲ್ಲಿ ಲೋಕವೆಲ್ಲಾ ಬಣ್ಣದ ಅನ್ಯಾಯವನ್ನು ಕುರಿತು ಕೂಗಿದಾಗ, ಆ ಮುಲಾಮಿನ ಹೆಸರೂ ಗ್ಲೋ ಅಂಡ್ ಲವ್ಲಿ ಎಂದು ಬದಲಾಯಿತು. ಬೋರ್ಡಿನ ಮೇಲಣ ಮಾತನ್ನು ಬದಲಿಸುವದು ಒಂದು ದಿವಸದ ಕೆಲಸ; ಮನಸ್ಸಿನ ಮೇಲೆ ನಾಲ್ವತ್ತೈದು ವರುಷ ಬರೆದದ್ದನ್ನು ಅಳಿಸುವದು ಹಾಗಲ್ಲ.

ಎರಡನೆಯದು ನಮ್ಮ ಸಮಾಜದ ಹಳೇ ಎಣಿಕೆ. ನೆರಳಿನಲ್ಲಿ ಕುಳಿತು ಉಣ್ಣುವವನು ಬೆಳ್ಳಗಿರುವನು, ಬಿಸಿಲಿನಲ್ಲಿ ದುಡಿಯುವವನು ಕಪ್ಪಗಾಗುವನು. ಏಪ್ರಿಲ್ ಮೇ ತಿಂಗಳುಗಳಲ್ಲಿ ನಾಲ್ವತ್ತು ಡಿಗ್ರಿಯನ್ನು ಮೀರುವ ನಮ್ಮ ರಾಯಚೂರು ಸೀಮೆಯ ಬಿಸಿಲಿನಲ್ಲಿ ಇದನ್ನು ಯಾರಿಗೂ ಕಲಿಸಿಕೊಡಬೇಕಾದದ್ದಿಲ್ಲ. ಹೀಗೆ ಕಪ್ಪು ಎಂಬದು ಕೂಲಿಯ ಗುರುತು, ಬಡತನದ ಗುರುತು, ಕೀಳು ಜಾತಿಯ ಗುರುತು ಎಂದು ಜನರು ಎಣಿಸಿದರು. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬನು ಕಪ್ಪು, ಒಬ್ಬನು ಕೆಂಪು ಹುಟ್ಟುವದನ್ನು ದಿನಾಲು ನೋಡಿಯೂ ಈ ಎಣಿಕೆಯನ್ನು ಬಿಡಲಿಲ್ಲ.

ಮೂರನೆಯದು ಮದುವೆ. ಇದು ನಮಗೆ ಎಲ್ಲಕ್ಕಿಂತ ಹತ್ತಿರದ್ದು. ವರದಕ್ಷಿಣೆಯನ್ನು ಕಾಯಿದೆಯು ೧೯೬೧ರಲ್ಲಿಯೇ ನಿಷೇಧಿಸಿತು. ಆದರೂ ಹುಡುಗಿಯ “ಬಣ್ಣ ಕಡಿಮೆ” ಆದಷ್ಟೂ ಬಂಗಾರವು ಹೆಚ್ಚಾಗಬೇಕೆಂಬ ಲೆಕ್ಕವು ಪಡಸಾಲೆಯ ಚಾಪೆಯ ಮೇಲೆ ನಡೆದೇ ಇದೆ. ಈ ಮಾತನ್ನೇ ಸ್ವಲ್ಪ ವಿಚಾರಿಸಿರಿ. ಕಪ್ಪಾದವಳಿಗೆ ಬಣ್ಣ ಕಡಿಮೆಯೆಂದು ಯಾಕೆ ಹೇಳಬೇಕು? ಕಪ್ಪೂ ಬಣ್ಣವಲ್ಲವೋ? ನಿಜವಾಗಿ ನೋಡಿದರೆ ಅವಳಿಗೆ ಬಣ್ಣವು ಹೆಚ್ಚು. ಮೆಲನಿನ್ ಎಂಬ ಕಪ್ಪು ದ್ರವ್ಯವು ಎಲ್ಲಾ ಮನುಷ್ಯರ ಚರ್ಮದಲ್ಲಿಯೂ ಉಂಟು. ಅದನ್ನು ಹುಟ್ಟಿಸುವ ಕಣಗಳು ಕರಿಯರಲ್ಲಿಯೂ ಬಿಳಿಯರಲ್ಲಿಯೂ ಲೆಕ್ಕಕ್ಕೆ ಹೆಚ್ಚುಕಡಿಮೆ ಅಷ್ಟೇ. ಕರಿಯರಲ್ಲಿ ಅವು ಹೆಚ್ಚು ಕೆಲಸ ಮಾಡುವವು, ಅಷ್ಟೇ ಭೇದ. ಸೂರ್ಯನ ಕಿರಣಗಳ ಕೇಡು ಚರ್ಮದೊಳಕ್ಕೆ ಇಳಿಯದಂತೆ ಆ ದ್ರವ್ಯವು ಕೊಡೆಯಂತೆ ಅಡ್ಡ ನಿಲ್ಲುವದು. ಬಿಸಿಲಿನ ಸೀಮೆಯಲ್ಲಿ ಹುಟ್ಟಿದವರಿಗೆ ಅದು ಹುಟ್ಟಿನಿಂದ ಬಂದ ಆಸ್ತಿ. ಹೊಲಕ್ಕೆ ಹೊರಟವಳ ಕೈಯಿಂದ ಕೊಡೆಯನ್ನು ಕಿತ್ತು ಎಸೆದು, ಈಗ ಚೆಲುವಾದೆ ಎಂದು ಹೇಳುವವರುಂಟೋ? ನಾವು ಮಾಡುತ್ತಿರುವದು ಅದೇ.

ಇನ್ನು ಬಿಳಿಯರಾದರೂ ತೃಪ್ತರೋ? ಯೂರೋಪು ಅಮೆರಿಕಗಳಲ್ಲಿ ಬೆಳ್ಳಗಿರುವವರು ಕಂದು ಬಣ್ಣಕ್ಕಾಗಿ ಸಮುದ್ರದ ದಡದಲ್ಲಿ ಬಿಸಿಲಿಗೆ ಬಿದ್ದುಕೊಳ್ಳುವರು. ಅದು ಸಾಲದೆ ಕೃತ್ರಿಮ ಕಿರಣಗಳ ಮಂಚದ ಮೇಲೆ ಹಣ ಕೊಟ್ಟು ಮಲಗುವರು. ಆ ಮಂಚಗಳು ಕ್ಯಾನ್ಸರಿಗೆ ಕಾರಣವೆಂದು ಲೋಕ ಆರೋಗ್ಯ ಸಂಸ್ಥೆಯ ಪರಿಶೋಧಕರು ೨೦೦೯ರಲ್ಲಿ ತೀರ್ಮಾನಿಸಿದರು. ನಾವು ಎಸೆಯುವದನ್ನು ಅವರು ಕೊಳ್ಳುತ್ತಾರೆ, ಅವರು ಎಸೆಯುವದನ್ನು ನಾವು ಕೊಳ್ಳುತ್ತೇವೆ. ಎರಡು ಕಡೆಯಲ್ಲಿಯೂ ಗಳಿಸುವವನು ವ್ಯಾಪಾರಿಯೇ. ನಮ್ಮ ನಡುವೆಯೇ ನೋಡಿರಿ: ಬಿಳುಪನ್ನು ಇಷ್ಟಾಗಿ ಆಶಿಸುವ ಜನರು ತೊನ್ನಿನ ಬಿಳುಪನ್ನು ಕಂಡರೆ ಹಿಂದಕ್ಕೆ ಸರಿಯುವರು. ಆದಕಾರಣ ನಾವು ಆಶಿಸುವದು ಬಿಳುಪನ್ನೂ ಅಲ್ಲ. ಮೇಲಣ ಅಂತಸ್ತಿನವರೆಂದು ಕಾಣಿಸಿಕೊಳ್ಳುವದನ್ನು.

ಇಲ್ಲಿ ಒಬ್ಬರು ಕೇಳಬಹುದು: “ಎಣ್ಣೆ ಹಚ್ಚುತ್ತೇವೆ, ಹೂ ಮುಡಿಯುತ್ತೇವೆ, ಹಬ್ಬಕ್ಕೆ ಹೊಸ ಸೀರೆ ಉಡುತ್ತೇವೆ. ಅದರಲ್ಲಿ ತಪ್ಪಿಲ್ಲವಾದರೆ ಇದರಲ್ಲಿ ಯಾಕೆ ತಪ್ಪು?” ಒಳ್ಳೇ ಪ್ರಶ್ನೆ. ಹಸನಾಗಿ ಕಾಣಬೇಕೆಂಬ ಆಶೆಯು ತನ್ನಷ್ಟಕ್ಕೆ ಪಾಪವಲ್ಲ. ಹೂ ಮುಡಿದವಳು ತನ್ನ ತಲೆಯನ್ನು ಹಗೆಮಾಡುವದಿಲ್ಲ. ಆದರೆ ತನ್ನ ಮೈಯನ್ನೇ ಕಲೆಯೆಂದು ಎಣಿಸಿ ಅದನ್ನು ತೊಳೆದು ಹಾಕುವದಕ್ಕೆ ಯತ್ನಿಸುವವಳು, ತನ್ನ ತಾಯಿಯೂ ಅಜ್ಜಿಯೂ ತನ್ನ ಊರಿನವರೆಲ್ಲರೂ ಅದೇ ಕಲೆಯುಳ್ಳವರೆಂದು ಒಪ್ಪಿಕೊಂಡಂತಾಯಿತು. ಆ ತೀರ್ಪನ್ನು ಅವಳು ತಾನಾಗಿ ಬರೆದುಕೊಂಡದ್ದಲ್ಲ. ಬೇರೆಯವರು ಬರೆದದ್ದನ್ನು ಅವಳು ತನ್ನ ಮುಖದ ಮೇಲೆ ನೆರವೇರಿಸಿಕೊಳ್ಳುತ್ತಾಳೆ. ಆದದರಿಂದ ಅವಳ ಮೇಲೆ ದೋಷವನ್ನು ಹೊರಿಸುವದಕ್ಕೆ ನಮಗೆ ಮನಸ್ಸು ಬರುವದಿಲ್ಲ.

ಇನ್ನೊಬ್ಬರು ಇದಕ್ಕಿಂತ ಕಠಿಣವಾಗಿ ಕೇಳುವರು: “ನೀವು ಉಪದೇಶ ಹೇಳುವಿರಿ. ನನಗೆ ಮೂವರು ಹೆಣ್ಣುಮಕ್ಕಳು, ಎರಡು ಎಕರೆ ಹೊಲ. ಬೆಳ್ಳಗಿದ್ದರೆ ಕೇಳುವವರು ಬರುತ್ತಾರೆ, ಕಪ್ಪಗಿದ್ದರೆ ಸಾಲ ಮಾಡಬೇಕು. ನೂರು ರೂಪಾಯಿಯ ಮುಲಾಮು ಲಕ್ಷ ರೂಪಾಯಿಯ ಸಾಲವನ್ನು ತಪ್ಪಿಸೀತೆಂದು ನಾನು ಎಣಿಸಿದರೆ ತಪ್ಪೇನು?” ಈ ತಂದೆಯನ್ನು ನಾವು ಗದರಿಸಲಾರೆವು. ಒಬ್ಬೊಂಟಿಗನಾಗಿ ನೋಡಿದರೆ ಅವನ ಲೆಕ್ಕವು ಹುಚ್ಚು ಲೆಕ್ಕವಲ್ಲ. ಆದರೆ ಪ್ರತಿಯೊಬ್ಬ ತಂದೆಯೂ ಇದೇ ಲೆಕ್ಕವನ್ನು ಹಾಕಿದಾಗ ಯಾರಿಗೂ ಲಾಭವಾಗುವದಿಲ್ಲ. ಅಳತೆಗೋಲು ಇನ್ನೂ ಮೇಲೆ ಹೋಗುವದು, ಅಷ್ಟೇ. ಮತ್ತು ಒಂದು ಸಂಗತಿಯನ್ನು ಮರೆಯಬಾರದು: ಮಗಳಿಗೆ ವರನನ್ನು ಹುಡುಕುವ ಈ ತಂದೆಯೇ ನಾಳೆ ಮಗನಿಗೆ ಹೆಣ್ಣು ಹುಡುಕುವದಕ್ಕೆ ಹೊರಡುವನು. ಇಂದು ಅಳೆಯಲ್ಪಟ್ಟವನು ನಾಳೆ ಅದೇ ಗೋಲನ್ನು ಹಿಡಿದು ಇನ್ನೊಬ್ಬರ ಮನೆಯಲ್ಲಿ ಕುಳಿತುಕೊಳ್ಳುವನು. ಹೆಣ್ಣು ಕೊಡುವವರೂ ತಕ್ಕೊಳ್ಳುವವರೂ ನಮ್ಮ ಸಭೆಗಳಲ್ಲಿ ಬೇರೆ ಬೇರೆ ಜನರಲ್ಲ. ರಾಯಚೂರು, ಮಾನ್ವಿ, ದೇವದುರ್ಗಗಳ ಕೆಲವು ನೂರು ಮನೆಗಳೊಳಗೇ ಸಂಬಂಧಗಳು ಸುತ್ತುತ್ತವೆ. ಇದು ನಮ್ಮ ಬಲಹೀನತೆಯಲ್ಲ, ನಮ್ಮ ಬಲವೇ. ದೇಶವನ್ನು ತಿದ್ದುವದು ನಮ್ಮಿಂದಾಗದು. ಈ ಕೆಲವು ನೂರು ಮನೆಗಳವರು ಕೂಡಿ ಒಂದು ಪ್ರಶ್ನೆಯನ್ನು ಕೇಳದಿರೋಣವೆಂದು ನಿಶ್ಚಯಿಸಿದರೆ ಅದು ನಮ್ಮಿಂದಾಗುವದು.

ನಮ್ಮ ಜನರು ಇದನ್ನು ಇತರರಿಗಿಂತ ಹೆಚ್ಚಾಗಿ ತಿಳಿಯತಕ್ಕವರಾಗಿದ್ದಾರೆ. ನಮ್ಮ ಅಜ್ಜ ಮುತ್ತಜ್ಜಂದಿರು ಹುಟ್ಟಿನ ನಿಮಿತ್ತ ಬಾವಿಯ ಕಟ್ಟೆಯಿಂದ ದೂರ ನಿಲ್ಲಿಸಲ್ಪಟ್ಟವರು. ತಾವು ಮಾಡದ ತಪ್ಪಿಗಾಗಿ, ತಾವು ಆರಿಸಿಕೊಳ್ಳದ ಗುರುತಿಗಾಗಿ ಅವಮಾನಪಡುವದು ಎಂಥಾದ್ದೆಂಬದನ್ನು ಅವರು ಬಲ್ಲರು. ಆ ಬಾಗಲಿನಿಂದ ಒಳಗೆ ಬಂದ ನಾವು ಈಗ ಬಣ್ಣದ ನಿಮಿತ್ತ ನಮ್ಮವಳೊಬ್ಬಳನ್ನು ಹೊರಗೆ ನಿಲ್ಲಿಸಿದರೆ, ಹಳೇ ಮನೆಯನ್ನು ಬಿಟ್ಟು ಬಂದೆವೆಂದು ಹೇಳಿಕೊಳ್ಳುವದು ಹೇಗೆ?

ಮೋಶೆಯ ಅಕ್ಕಳಾದ ಮಿರ್ಯಾಮಳ ವೃತ್ತಾಂತವನ್ನು ನೀವೆಲ್ಲರೂ ಬಲ್ಲಿರಿ. ತಮ್ಮನು ಕೂಷ್ ದೇಶದ ಸ್ತ್ರೀಯನ್ನು ಮದುವೆಯಾದದ್ದನ್ನು ಹಿಡಿದು ಅವಳು ಅವನಿಗೆ ವಿರೋಧವಾಗಿ ಮಾತನಾಡಿದಳು. ಕೂಷಿನವರು ಕಪ್ಪು ಮೈಯವರೆಂಬದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಮಿರ್ಯಾಮಳಿಗೆ ಬಂದ ಶಿಕ್ಷೆ ಯಾವದೆಂದು ಜ್ಞಾಪಿಸಿಕೊಳ್ಳಿರಿ: ಅವಳ ಚರ್ಮವು ಹಿಮದಂತೆ ಬೆಳ್ಳಗಾಯಿತು. ಏಳು ದಿವಸ ಪಾಳೆಯದ ಹೊರಗಿದ್ದವಳು ಕೂಷಿನವಳಲ್ಲ, ಮಾತನಾಡಿದವಳೇ. ಇದರಲ್ಲಿ ಇನ್ನೊಂದನ್ನೂ ಗಮನಿಸಬೇಕು. ಆ ಏಳು ದಿವಸ ಜನರು ಮುಂದಕ್ಕೆ ಪ್ರಯಾಣಮಾಡದೆ ಅವಳಿಗಾಗಿ ಕಾದರು. ಒಬ್ಬರ ನಾಲಿಗೆಯ ದೆಸೆಯಿಂದ ಇಡೀ ಸಭೆಯೇ ನಿಂತುಹೋಯಿತು.

ಇನ್ನು ನಮ್ಮ ಸಭೆಯ ಗೋಡೆಗಳನ್ನೂ ನೋಡಿಕೊಳ್ಳೋಣ. ಕರ್ತನು ಏಷ್ಯದ ಬಿಸಿಲಿನ ಸೀಮೆಯಲ್ಲಿ ಹುಟ್ಟಿ, ಬಡಗಿಯ ಕೆಲಸ ಮಾಡಿ, ಧೂಳಿನ ದಾರಿಯಲ್ಲಿ ನಡೆದವನು. ನಮ್ಮ ಮನೆಗಳಲ್ಲಿ ತೂಗುವ ಚಿತ್ರಗಳಾದರೋ ಬಹುಮಟ್ಟಿಗೆ ಯೂರೋಪು ಅಮೆರಿಕಗಳ ಚಿತ್ರಗಾರರವು. ಲೋಕದಲ್ಲೆಲ್ಲಾ ಹಬ್ಬಿದ ಒಂದು ಚಿತ್ರವನ್ನು ಅಮೆರಿಕದ ವಾರ್ನರ್ ಸಾಲ್ಮನ್ ಎಂಬವನು ೧೯೪೦ರಲ್ಲಿ ಬರೆದನು. ಅವನು ತನ್ನ ಜನರ ಹೋಲಿಕೆಯಲ್ಲಿ ಬರೆದದ್ದು ತಪ್ಪಲ್ಲ. ನಾವು ಅದನ್ನೇ ನಿಜವಾದ ರೂಪವೆಂದು ಮಕ್ಕಳಿಗೆ ತೋರಿಸಿದರೆ ತಪ್ಪು. ಭಾನುವಾರದ ಶಾಲೆಯಲ್ಲಿ ಅಕ್ಷರಗಳಿಲ್ಲದ ಬಣ್ಣದ ಪುಸ್ತಕವೊಂದನ್ನು ತೋರಿಸುವದುಂಟು. ಲಂಡನಿನ ಸ್ಪರ್ಜನ್ ಬೋಧಕರು ೧೮೬೬ರಲ್ಲಿ ಅದನ್ನು ಕುರಿತು ಪ್ರಸಂಗಿಸಿದರು. ಅದರ ಕಪ್ಪು ಹಾಳೆಯು ಪಾಪ, ಬಿಳಿಯ ಹಾಳೆಯು ಶುದ್ಧತೆ. ಮುಂದಿನ ಚಾಪೆಯಲ್ಲಿ ಕುಳಿತ ಕಪ್ಪು ಕೂಸು ಆ ಹಾಳೆಯನ್ನು ನೋಡಿ ತನ್ನ ಕೈಯನ್ನು ನೋಡಿಕೊಳ್ಳುವದನ್ನು ನಾವು ಕಂಡಿದ್ದೇವೆ. ಹಾಳೆಯ ಬಣ್ಣ ಬೇರೆ, ಮೈಯ ಬಣ್ಣ ಬೇರೆ ಎಂಬದನ್ನು ಉಪಾಧ್ಯಾಯರು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಕೂಸು ತನಗೆ ತೋಚಿದಂತೆ ಅರ್ಥ ಮಾಡಿಕೊಳ್ಳುವದು.

ನಮ್ಮ ಸೀಮೆಯ ಒಕ್ಕಲಿಗನಿಗೆ ಬಣ್ಣದ ಪಾಠವನ್ನು ಹೊಲವೇ ಹೇಳಿಕೊಡುವದು. ಎರೆಯ ಹೊಲವೆಂದರೆ ಕಪ್ಪು ಹೊಲ. ಮಳೆಯ ನೀರನ್ನು ಒಡಲಿನಲ್ಲಿ ಹಿಡಿದಿಟ್ಟು ಹಿಂಗಾರಿಯ ಜೋಳಕ್ಕೂ ಕಡಲೆಗೂ ಹತ್ತಿಗೂ ಹಾಲೂಡುವದು. ಮಾನ್ವಿಯ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ನೀರು ಹೆಚ್ಚಾಗಿ ನಿಂತ ಕಡೆಗಳಲ್ಲಿ ಅದೇ ಭೂಮಿಯು ಸವಳಾಗಿ ಮೇಲೆ ಬೆಳ್ಳಗೆ ಉಪ್ಪು ಒಡೆಯಿತು. ಆ ಬಿಳುಪನ್ನು ಕಂಡು, ಹೊಲಕ್ಕೆ ಚೆಲುವು ಬಂತೆಂದು ಯಾವ ಒಕ್ಕಲಿಗನೂ ಹೇಳಲಿಲ್ಲ. ಭೂಮಿಗೆ ರೋಗ ಬಂತೆಂದೇ ಹೇಳಿದನು. ಹೊಲ ಕೊಳ್ಳುವಾಗ ಇರುವ ವಿವೇಕವು ಹೆಣ್ಣು ನೋಡುವಾಗ ಎಲ್ಲಿ ಹೋಗುತ್ತದೆ?

ಆದಕಾರಣ, ಪ್ರಿಯರೇ, ಆ ತಂದೆಯ ಪ್ರಶ್ನೆಗೆ ಈಗ ನಮ್ಮಿಂದಾದಷ್ಟು ಉತ್ತರವನ್ನು ಹೇಳುವೆವು. ಆ ಮಾತನ್ನು ಬಿಡಿಸತಕ್ಕವರು, ಅದನ್ನು ಆಡಿದವರೂ ಆಡುವಾಗ ಸುಮ್ಮಗಿದ್ದವರೂ ಆಗಿದ್ದಾರೆ. ಮುಲಾಮಿನ ಕೊಳವೆಯು ಅಂಗಡಿಯಲ್ಲಿ ಬಿಕರಿಯಾಗುವದಕ್ಕಿಂತ ಮುಂಚೆ ಬೇವಿನ ಗಿಡದ ಕೆಳಗೆ ನಮ್ಮ ಬಾಯಲ್ಲಿ ಬಿಕರಿಯಾಗಿತ್ತು. ಹೆಣ್ಣು ನೋಡುವದಕ್ಕೆ ಹೋಗುವವರು ಬಣ್ಣವನ್ನು ಕೇಳದಿರಲಿ. ಯಾರಾದರೂ ಕೇಳಿದರೆ ಜೊತೆಯಲ್ಲಿರುವ ಹಿರಿಯರು ಅಲ್ಲಿಯೇ ತಡೆಯಲಿ. ಕೂಸು ಹುಟ್ಟಿದ ಮನೆಗೆ ಹೋದವರು “ಯಾರ ಬಣ್ಣ ಬಂದಿದೆ?” ಎಂದು ಕೇಳುವದನ್ನು ಬಿಟ್ಟು, ತಾಯಿಯೂ ಕೂಸೂ ಸುಖವೋ ಎಂದು ಕೇಳಲಿ. “ಕರಿಯ”, “ಕರಿಯವ್ವ” ಎಂದು ಹಾಸ್ಯಕ್ಕೆ ಕರೆಯುವ ಅಭ್ಯಾಸವುಳ್ಳವರು ಹೆಸರನ್ನು ಹಿಡಿದು ಕರೆಯಲಿ.

ಈಗಾಗಲೇ ಹಚ್ಚಿಕೊಳ್ಳುತ್ತಿರುವವರಿಗೆ ಒಂದು ಮಾತು. ಕೊಳವೆಯ ಮೇಲಣ ಹೆಸರನ್ನು ಓದಿಸಿಕೊಳ್ಳಿರಿ; ಹೆಸರೂ ತಯಾರಕರ ವಿಳಾಸವೂ ಇಲ್ಲದ ಡಬ್ಬಿಯನ್ನು ಮುಟ್ಟಬೇಡಿರಿ. ಬಹು ಕಾಲದಿಂದ ಸ್ಟೀರಾಯ್ಡ್ ಮುಲಾಮು ಹಚ್ಚಿದವರು ಹೆದರಿ ಮುಚ್ಚಿಟ್ಟುಕೊಳ್ಳದೆ, ತಾವಾಗಿಯೇ ಏನನ್ನಾದರೂ ಮಾಡಿಕೊಳ್ಳದೆ, ಆ ಕೊಳವೆಯನ್ನು ಕೈಯಲ್ಲಿ ಹಿಡಿದುಕೊಂಡು ರಾಯಚೂರಿನ ಸರಕಾರಿ ರಿಮ್ಸ್ ಆಸ್ಪತ್ರೆಯ ಚರ್ಮರೋಗದ ವೈದ್ಯರ ಬಳಿಗೆ ಹೋಗಲಿ. ಬಿಡಿಸುವದಕ್ಕೂ ಕ್ರಮವುಂಟು, ತಾಳ್ಮೆಯೂ ಬೇಕು. ಕಾಲು ಬಾವು, ಮೂತ್ರದಲ್ಲಿ ನೊರೆ ಕಂಡವರು ಹಚ್ಚಿಕೊಂಡದ್ದನ್ನು ವೈದ್ಯರಿಗೆ ನಾಚಿಕೊಳ್ಳದೆ ಹೇಳಲಿ.

ಆ ಹುಡುಗಿಯ ಮುಖದ ಕೆಂಪು ಈಗ ಬಹಳಮಟ್ಟಿಗೆ ಇಳಿದಿದೆಯೆಂದು ಕೇಳಿದ್ದೇವೆ. ಕೆಲವು ಕಲೆಗಳು ಉಳಿದವು. ಕಳೆದ ಸುಗ್ಗಿಯಲ್ಲಿ ಅವಳು ತಲೆಗೆ ಬಟ್ಟೆ ಕಟ್ಟಿಕೊಂಡು ಹತ್ತಿಯ ಹೊಲಕ್ಕೆ ಹೋದಳಂತೆ. ನಾವು ಆ ಮನೆಗೆ ತಿರಿಗಿ ಹೋಗಬೇಕಾಗಿದೆ. ಸಂಬಂಧ ಕೇಳುವದಕ್ಕೆ ಅಲ್ಲ. ಅಂದು ಬೇವಿನ ಗಿಡದ ಕೆಳಗೆ ಹೇಳದೆ ಉಳಿಸಿದ ಮಾತನ್ನು ಹೇಳುವದಕ್ಕೆ. ತಡವಾಯಿತೆಂದು ಬಲ್ಲೆವು. ವಾಚಕರಲ್ಲಿಯೂ ಇಂಥಾ ಮನೆಗೆ ದಾರಿ ಬಲ್ಲವರು ಇದ್ದರೆ, ನಮ್ಮಷ್ಟು ತಡಮಾಡಬೇಡಿರೆಂದು ಬೇಡಿಕೊಳ್ಳುತ್ತೇವೆ.